ಬೇಸ್ ಗಿಟಾರು: ಸ್ವರ ಬಿಟ್ಟರೆ ಹಾಡು ಕೆಡುತ್ತದೆಯೇ?

ಶಿಕಾಗೊದಿಂದ ಪಶ್ಚಿಮಕ್ಕೆ ಹೋಗುವ ಬಿಎನ್‌ಎಸ್‌ಎಫ್ ರೈಲಿನಲ್ಲಿ ಸಿಗುವ ಡೌನರ್ಸ್ ಗ್ರೋವ್, ನೇಪರ್‌ವಿಲ್ ಕಡೆ ಮನೆಯ ಬೇಸ್‌ಮೆಂಟೇ ಎಷ್ಟೋ ಬ್ಯಾಂಡುಗಳ ತಾಲೀಮು ಕೋಣೆ. ಬೇಸಿಗೆಯಲ್ಲಿ ಊರಿನ ಬೀದಿ ಹಬ್ಬ, ಯುಗಾದಿಗೋ ರಾಜ್ಯೋತ್ಸವಕ್ಕೋ ವಿದ್ಯಾರಣ್ಯ ಕನ್ನಡ ಕೂಟದ ವೇದಿಕೆ. ಇಲ್ಲೆಲ್ಲ ಬೇಸ್ ಹಿಡಿದವರದು ಒಂದೇ ಸಂಕಟ: ರೆಕಾರ್ಡಿನವರ ಬೆರಳು ಓಡಿದಂತೆ ತಮ್ಮದು ಓಡುವುದಿಲ್ಲ. ಅದರ ಜೊತೆಗೆ ಒಂದಿಷ್ಟು ನಂಬಿಕೆಗಳ ಕಾಟ ಬೇರೆ.

ನಂಬಿಕೆ: ಸ್ವರ ಬಿಟ್ಟು ನುಡಿಸುವುದು ಮೂಲ ಕಲಾವಿದರಿಗೆ ಮಾಡುವ ಮೋಸ.

ಡೆಟ್ರಾಯಿಟ್‌ನ ವೆಸ್ಟ್ ಗ್ರಾಂಡ್ ಬುಲೆವಾರ್ಡಿನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಬಲಗೈಯ ತೋರುಬೆರಳೊಂದರಿಂದ. ಎಷ್ಟೋ ಸಲ ಅವರ ಮುಂದೆ ಇದ್ದದ್ದು ಬರೀ ಕಾರ್ಡುಗಳ ಹಾಳೆ. ಉಳಿದದ್ದು ಅವರ ಮನೋಧರ್ಮ. ಹಾಗಾಗಿ ಅವರ ಒಂದು ಚರಣದಂತೆ ಇನ್ನೊಂದು ಇರುವುದಿಲ್ಲ. ಅವರೇ ಬದಲಿಸಿ ನುಡಿಸಿದ್ದನ್ನು ನಾವು ವೇದದಂತೆ ಅಕ್ಷರಶಃ ಒಪ್ಪಿಸುವುದು ಯಾವ ನಿಷ್ಠೆಯೋ ನನಗಂತೂ ತಿಳಿಯದು.

ನಂಬಿಕೆ: ಒಂದು ಸ್ವರ ತಪ್ಪಿದರೂ ಜನಕ್ಕೆ ಗೊತ್ತಾಗುತ್ತದೆ.

ಇಯರ್‌ಫೋನಿನಲ್ಲಿ ಗೊತ್ತಾಗಬಹುದು. ಸಭಾಂಗಣದ ಲೆಕ್ಕ ಬೇರೆ. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಬೀಟಿಗೆ ನಾಲ್ಕು ಸ್ವರ ಹಾಕಿದರೆ ಸೆಕೆಂಡಿಗೆ ಎಂಟಾಯಿತು. ಒಂದೊಂದಕ್ಕೆ ಸಿಗುವ ಕಾಲ 125 ಮಿಲಿಸೆಕೆಂಡ್. ಬೇಸಿನ ಅತಿ ದಪ್ಪ ತಂತಿ ಬಿಟ್ಟು ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಂದರೆ ಆ ಸ್ವರ ಐದು ಸಲ ಅದುರುವಷ್ಟರಲ್ಲಿ ಮುಂದಿನದು ಮೈಮೇಲೆ ಬಂದಿರುತ್ತದೆ. ಅದರ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ನಮ್ಮ ಕಾರ್ಯಕ್ರಮಗಳು ನಡೆಯುವ ಶಾಲೆಯ ಆಡಿಟೋರಿಯಂ, ಜಿಮ್ನೇಸಿಯಮ್ಮಿನಂಥ ಜಾಗದಲ್ಲಿ ಇಂಥ ಮಂದ್ರ ಧ್ವನಿ ಗೋಡೆಗೆ ಬಡಿದು ವಾಪಸು ಬಂದು, ಹಿಂದಿನ ಸ್ವರ ಸಾಯುವ ಮೊದಲೇ ಮುಂದಿನದರ ಮೇಲೆ ಕೂರುತ್ತದೆ. ಕೊನೆಯ ಸಾಲಿನವರಿಗೆ ಕೇಳುವುದು ನಿಮ್ಮ ಬೆರಳಿನ ಕಸರತ್ತಲ್ಲ, ಗುಂಯ್ ಎನ್ನುವ ಗದ್ದಲ. ಅದೇ ಸಾಲನ್ನು ಅರ್ಧ ಸ್ವರಗಳಲ್ಲಿ, ನಡುವೆ ಮೌನ ಬಿಟ್ಟು ನುಡಿಸಿ ನೋಡಿ: ಹಾಡು ಬಿಡಿಸಿಟ್ಟಂತೆ ಕೇಳುತ್ತದೆ. ಬೀದಿ ಹಬ್ಬದ ಬಯಲಿನಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಸ್ವಲ್ಪ ಧಾರಾಳವಾಗಿರಬಹುದು.

ಜನಕ್ಕೆ ನಿಜವಾಗಿ ಗೊತ್ತಾಗುವುದು ಲಯ ಜಾರಿದಾಗ. ಕುಣಿಯುವವರ ಕಾಲು ಕೂಡಲೇ ತಡವರಿಸುತ್ತದೆ.

ನಂಬಿಕೆ: ಸರಳ ಮಾಡುವುದೆಂದರೆ ಕೈಗೆ ಬಾರದ್ದನ್ನು ಬಿಟ್ಟುಬಿಡುವುದು.

ಕೆಡುವುದು ಇಲ್ಲೇ. ಕಷ್ಟದ ಸ್ವರ ಬಿಟ್ಟು ಸುಲಭದ್ದನ್ನು ಉಳಿಸಿಕೊಂಡರೆ ಸಾಲು ಹಲ್ಲು ಉದುರಿದ ಬಾಚಣಿಗೆಯಾಗುತ್ತದೆ. ಸರಳೆ ವರಸೆ ಕಲಿತವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಮೂರನೆಯ ಕಾಲದಿಂದ ಎರಡನೆಯ ಕಾಲಕ್ಕೆ ಇಳಿದರೂ ತಾಳ ಇದ್ದಲ್ಲೇ ಇರುತ್ತದೆ. ಬೇಸಿನಲ್ಲೂ ಅಷ್ಟೇ.

ಮೊದಲು ವಾದ್ಯ ಕೆಳಗಿಟ್ಟು ಆ ಸಾಲನ್ನು ಬಾಯಲ್ಲಿ ಹಾಡಿ. ಬಾಯಿ ತಾನಾಗಿ ಹಿಡಿಯುವ ಸ್ವರಗಳೇ ಅದರ ಎಲುಬು. ಕಿಕ್ ಡ್ರಮ್ ಜೊತೆ ಬೀಳುವವು ಉಳಿಯಬೇಕು, ಕಾರ್ಡ್ ಬದಲಾಗುವಾಗಿನ ಮೂಲಸ್ವರ ಉಳಿಯಬೇಕು, ಮುಂದಿನ ಕಾರ್ಡಿಗೆ ಕೈಹಿಡಿದು ಕರೆದೊಯ್ಯುವ ಕೊನೆಯ ಒಂದೆರಡು ಸ್ವರಗಳೂ ಉಳಿಯಬೇಕು. ಹೋಗಬಹುದಾದದ್ದು ನಡುವೆ ಅದೇ ಸ್ವರವನ್ನು ಮತ್ತೆ ಮತ್ತೆ ಮೀಟುವುದು. ಐರನ್ ಮೇಡನ್ ತಂಡದ ‘ರನ್ ಟು ದ ಹಿಲ್ಸ್’ (1982) ಹಾಡಿನಲ್ಲಿ ಸ್ಟೀವ್ ಹ್ಯಾರಿಸ್ ಓಡಿಸುವ ಕುದುರೆ ನಡೆಯನ್ನೇ ತೆಗೆದುಕೊಳ್ಳಿ: ‘ತಾ ತಕ, ತಾ ತಕ’. ಬೆರಳು ಸೋತಾಗ ಬಾರಿನ ಮೊದಲ ಬೀಟಿಗೆ ಮಾತ್ರ ‘ತಕ’ ಇಟ್ಟು ಉಳಿದದ್ದನ್ನು ‘ತಾ ತಾ’ ಎಂದು ನಡೆಸಿದರೆ ಸಾಕು. ಓಟವನ್ನು ಗಿಟಾರೂ ಡ್ರಮ್ಮೂ ನೋಡಿಕೊಳ್ಳುತ್ತವೆ. ಎಡಗೈ ಮಾತ್ರ ಸೋಲುವುದಾದರೆ ತಂತಿಯನ್ನು ಪೂರ್ತಿ ಒತ್ತದೆ ‘ಟಕ್’ ಎನ್ನಿಸಿ. ಬಲಗೈ ಸೋಲುವುದಾದರೆ ಒಮ್ಮೆ ಮೀಟಿ, ಮುಂದಿನ ಸ್ವರವನ್ನು ಎಡಗೈ ಬೆರಳು ಬಡಿದೇ ಹುಟ್ಟಿಸಿ.

ನಂಬಿಕೆ: ಹಾಗಾದರೆ ಯಾವ ಹಾಡನ್ನೂ ಕತ್ತರಿಸಬಹುದು.

ಇಲ್ಲ. ಶಿಕಾಗೊದ ಚೆಸ್ ಸ್ಟುಡಿಯೋದಲ್ಲಿ 1965ರಲ್ಲಿ ಧ್ವನಿಮುದ್ರಣವಾದ ‘ರೆಸ್ಕ್ಯೂ ಮಿ’ ಶುರುವಾಗುವುದೇ ಲೂಯಿಸ್ ಸ್ಯಾಟರ್‌ಫೀಲ್ಡ್ ಅವರ ಬೇಸಿನಿಂದ. ಅದನ್ನು ಮುಟ್ಟಿದರೆ ಹಾಡಿನ ಮುಖವೇ ಹೋಯಿತು. ಅವರ ಶಿಷ್ಯ ವರ್ಡೀನ್ ವೈಟ್ ನುಡಿಸಿದ ‘ಸೆಪ್ಟೆಂಬರ್’ (1978) ಹಾಗಲ್ಲ. ಸ್ವರಗಳು ಕಿಕ್ಕಿರಿದಿದ್ದರೂ ಅಲ್ಲಿ ಗಾಯಕರೂ ತುತ್ತೂರಿಗಳೂ ಮುಂದಿರುತ್ತಾರೆ, ತೆಳ್ಳಗೆ ಮಾಡಿದರೂ ಹಾಡು ನಿಲ್ಲುತ್ತದೆ. ಮ್ಯೂಸ್ ತಂಡದ ‘ಹಿಸ್ಟೀರಿಯಾ’ದಲ್ಲಿ (2003) ಬೇಸೇ ಹಾಡು. ಕೈಯಲ್ಲಿ ಆಗದಿದ್ದರೆ ಪಟ್ಟಿಯಿಂದ ಅದನ್ನೇ ತೆಗೆದುಹಾಕಿ.

ಕನ್ನಡದ ಪಟ್ಟಿಯಲ್ಲಿ ಇಳಯರಾಜ ಬಂದಾಗ ಇನ್ನೂ ಎಚ್ಚರ ಬೇಕು. ಅವರು ಒಂದೊಂದು ವಾದ್ಯಕ್ಕೂ ಸ್ವರಲಿಪಿ ಬರೆದುಕೊಡುವವರು. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳಲ್ಲಿ ಬೇಸ್ ತನ್ನದೇ ಇನ್ನೊಂದು ರಾಗದೆಳೆ ಹೆಣೆಯುತ್ತದೆ. ಮೂಲಸ್ವರಗಳನ್ನಷ್ಟೇ ‘ಡುಂ ಡುಂ’ ಎನ್ನಿಸಿದರೆ ಗಾಯಕರಿಗೆ ಜೊತೆಗಾರನೇ ಇಲ್ಲದಂತಾಗುತ್ತದೆ. ಜಿಗಿತ ದೊಡ್ಡದಾದ ಕಡೆ ಆ ತುಂಡನ್ನು ಕೀಬೋರ್ಡಿನವರ ಎಡಗೈಗೆ ದಾಟಿಸುವುದು ಮೇಲು.

ನಂಬಿಕೆ: ಮೆಟ್ರೊನೋಮ್ ಸ್ವಲ್ಪಸ್ವಲ್ಪ ಏರಿಸುತ್ತಾ ಹೋದರೆ ವೇಗ ಬಂದೇ ಬರುತ್ತದೆ.

ನಿಧಾನದಲ್ಲಿ ಚೆಂದ ಕಂಡ ಬೆರಳ ದಾರಿ ವೇಗದಲ್ಲಿ ಸಿಕ್ಕಿಹಾಕಿಕೊಳ್ಳುವುದುಂಟು. ಒಂದೇ ತಂತಿಯಲ್ಲಿ ಉದ್ದಕ್ಕೆ ಓಡುವ ಬದಲು ಐದನೆಯ ಫ್ರೆಟ್ಟಿನ ಸುತ್ತ ಕೈ ಊರಿ ಪಕ್ಕದ ತಂತಿಗಳಲ್ಲಿ ಅದೇ ಸ್ವರ ಹುಡುಕಿ. ನಾಲ್ಕೇ ಸ್ವರದ ತುಂಡನ್ನು ಪೂರ್ಣ ವೇಗದಲ್ಲಿ ಮೊದಲೇ ಪರೀಕ್ಷಿಸಿ. ಪ್ಲೆಕ್ಟ್ರಮ್ ಹಿಡಿದರೆ ಮರ್ಯಾದೆ ಹೋಗುತ್ತದೆ ಎನ್ನುವವರಿಗೆ ಕ್ಯಾರಲ್ ಕೇ ಅವರ ಹೆಸರು ಸಾಕು. ಎಷ್ಟೋ ಪ್ರಸಿದ್ಧ ರೆಕಾರ್ಡುಗಳಿಗೆ ಅವರು ನುಡಿಸಿದ್ದು ಪ್ಲೆಕ್ಟ್ರಮ್ಮಿನಿಂದಲೇ.

ನಂಬಿಕೆ: ಇದು ಬೇಸಿನವರೊಬ್ಬರ ವಿಷಯ.

ಗಾಯಕಿಗೆ ಅನುಕೂಲವಾಗಲೆಂದು ಶ್ರುತಿಯನ್ನು ಅರ್ಧ ಮನೆ ಏರಿಸಿದರೆ, ತಂತಿ ಬಿಟ್ಟು ಮೀಟುತ್ತಿದ್ದ ಸ್ವರವನ್ನೂ ಒತ್ತಿಯೇ ನುಡಿಸಬೇಕು. ನಿನ್ನೆ ಸಲೀಸಾಗಿದ್ದ ಸಾಲು ಇವತ್ತು ಕಬ್ಬಿಣದ ಕಡಲೆ. ಆದ್ದರಿಂದ ಶ್ರುತಿ ಗೊತ್ತುಮಾಡುವ ದಿನವೇ ಬಾಯಿ ಬಿಡಿ. ಡ್ರಮ್ಮಿನವರಿಗೆ ಯಾವ ಸ್ವರ ಬಿಡುತ್ತೀರೆಂದು ಮೊದಲೇ ತಿಳಿಸಿ, ಆ ಜಾಗದಲ್ಲಿ ಅವರ ಕಿಕ್ಕನ್ನೂ ತೆಗೆಸಿ. ಇಲ್ಲದಿದ್ದರೆ ನೀವು ಬೇಕೆಂದೇ ಬಿಟ್ಟದ್ದು ಮರೆತುಬಿಟ್ಟದ್ದರಂತೆ ಕೇಳುತ್ತದೆ.