ಗಾಯಕನೇ ಮರೆಯಾದ ಆಲ್ಬಂ

1989ರಲ್ಲಿ ಪ್ರೈಮಲ್ ಸ್ಕ್ರೀಮ್ ಎಂಬ ಗ್ಲಾಸ್ಗೋ ಮೂಲದ ರಾಕ್ ತಂಡದ ಎರಡನೇ ಆಲ್ಬಂ ಬಂತು. ವಿಮರ್ಶಕರು ಮೂಗು ಮುರಿದರು. ಚರ್ಮದ ಜಾಕೆಟ್ಟು, ಉದ್ದ ಕೂದಲು, ಗಿಟಾರಿನ ಅಬ್ಬರ: ಕಾಲ ಮೀರಿದ ಸರಕು ಅನ್ನಿಸಿತು. ಬ್ರಿಟನ್ನಿನ ಹುಡುಗರು ಹಿಂದಿನ ವರ್ಷವೇ ಗಿಟಾರು ಬಿಟ್ಟು ಕ್ಲಬ್ಬುಗಳ ಕುಣಿತದ ಸಂಗೀತವಾದ ಆಸಿಡ್ ಹೌಸ್‌ನ ತಾಳಕ್ಕೆ ರಾತ್ರಿಯಿಡೀ ಕುಣಿಯಲು ಶುರುಮಾಡಿದ್ದರು.

ಅದೇ ಆಲ್ಬಮ್ಮಿನಲ್ಲಿದ್ದ 'ಐ'ಮ್ ಲೂಸಿಂಗ್ ಮೋರ್ ದ್ಯಾನ್ ಐ'ಲ್ ಎವರ್ ಹ್ಯಾವ್' ಎಂಬ ವಿರಹದ ಹಾಡು ಆಂಡ್ರ್ಯೂ ವೆದರಾಲ್‌ಗೆ ಹಿಡಿಸಿತು. ಆತ ಲಂಡನ್ ಕ್ಲಬ್ಬುಗಳ ಡಿಜೆ. ಸ್ಟುಡಿಯೋ ಅನುಭವ ಅಷ್ಟಕ್ಕಷ್ಟೇ. ತಂಡದ ಗಿಟಾರ್ ವಾದಕ ಆಂಡ್ರ್ಯೂ ಇನ್ನೆಸ್ ಅವನ ಕೈಗೇ ಹಾಡು ಕೊಟ್ಟು ರೀಮಿಕ್ಸ್ ಮಾಡು ಅಂದ. ಬೇರೆಯವರ ಹಾಡೆಂಬ ಸಂಕೋಚಕ್ಕೋ ಏನೋ, ವೆದರಾಲ್ ಮೊದಲು ಮಾಡಿದ್ದು ಬರೀ ಮೇಲ್ಮೇಲಿನ ತೇಪೆ. ಮರ್ಯಾದೆ ಬಿಟ್ಟು ಪೂರ್ತಿ ಪುಡಿ ಮಾಡು ಎಂದು ಇನ್ನೆಸ್ ಬೈದು ಕಳಿಸಿದನಂತೆ. ನನ್ನ ಲೆಕ್ಕದಲ್ಲಿ ಇಡೀ ಕತೆಯ ತಿರುವು ಆ ಬೈಗುಳವೇ.

ಹಳೇ ತೊಟ್ಟಿಮನೆ ಬಿಚ್ಚಿ ಕಂಬ, ತೊಲೆ ಮಾತ್ರ ಆರಿಸಿಕೊಂಡಂತೆ ವೆದರಾಲ್ ಹಾಡಿನ ಕೊನೆಯ ಭಾಗದ ತುತ್ತೂರಿ, ಗಿಟಾರುಗಳನ್ನು ಉಳಿಸಿಕೊಂಡ. ಗಾಯಕಿ ಎಡೀ ಬ್ರಿಕೆಲ್‌ಳ ಹಾಡೊಂದರ ಕದ್ದುಮುಚ್ಚಿ ಮಾಡಿದ ರೀಮಿಕ್ಸ್‌ನಿಂದ ಡ್ರಮ್ ಎತ್ತಿದ. 'ದ ವೈಲ್ಡ್ ಏಂಜಲ್ಸ್' ಎಂಬ 1966ರ ಸಿನಿಮಾದಲ್ಲಿ ಬೈಕ್ ಗ್ಯಾಂಗಿನ ನಾಯಕನಾದ ಪೀಟರ್ ಫಾಂಡಾ ಪಾದ್ರಿಯ ಮುಖಕ್ಕೆ ಹೊಡೆದಂತೆ ಆಡುವ ಮಾತನ್ನು ತಂದು ಮುಂಬಾಗಿಲಲ್ಲೇ ನಿಲ್ಲಿಸಿದ. ಹೌಸ್ ಸಂಗೀತದ ವೇಗ ನಿಮಿಷಕ್ಕೆ 120 ಬಡಿತದ ಆಸುಪಾಸು. ಇದು ನೂರರ ಹತ್ತಿರ, ಸೊಂಟ ತೂಗುವಷ್ಟು ನಿಧಾನ. ವಿರಹದ ಸುಳಿವೇ ಇಲ್ಲ. 1990ರ ಫೆಬ್ರವರಿಯಲ್ಲಿ 'ಲೋಡೆಡ್' ಎಂಬ ಹೆಸರಿನಲ್ಲಿ ಬಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 16ನೇ ಸ್ಥಾನಕ್ಕೇರಿತು. ಮೂಲ ಹಾಡು, ಈ ರೀಮಿಕ್ಸ್ ಎರಡನ್ನೂ ಬೆನ್ನುಬೆನ್ನಿಗೆ ಕೇಳಿದಾಗ, ಇವು ಒಂದೇ ಹಾಡೆಂದು ನಂಬಲು ನನಗೆ ತುಸು ಹೊತ್ತೇ ಬೇಕಾಯಿತು.

ಆ ಹಾಡು ತೋರಿಸಿದ ದಾರಿಯಲ್ಲಿ ಹುಟ್ಟಿದ್ದು ತಂಡದ ಮುಂದಿನ ಆಲ್ಬಂ 'ಸ್ಕ್ರೀಮಡೆಲಿಕಾ'. 1991ರ ಸೆಪ್ಟೆಂಬರ್ 23ರಂದು ಕ್ರಿಯೇಷನ್ ರೆಕಾರ್ಡ್ಸ್ ಇದನ್ನು ಬಿಡುಗಡೆ ಮಾಡಿತು. (ನಿರ್ವಾಣ ತಂಡದ 'ನೆವರ್‌ಮೈಂಡ್' ಬಂದದ್ದು ಮರುದಿನ. ಎಂಥ ವಾರ!) ಮೊದಲ ಸಲ ಕೇಳುವವರಿಗೆ ಬೆರಗು ಹುಟ್ಟಿಸುವುದು ಗಾಯಕ ಬಾಬಿ ಗಿಲೆಸ್ಪಿ ಆಗಾಗ ಮರೆಯಾಗುವ ಪರಿ. ಆರಂಭದ 'ಮೂವಿನ್ ಆನ್ ಅಪ್' ಅವನದೇ. ರೋಲಿಂಗ್ ಸ್ಟೋನ್ಸ್‌ನ ಹಳೆಯ ನಿರ್ಮಾಪಕ ಜಿಮ್ಮಿ ಮಿಲ್ಲರ್ ಕೈಚಳಕ ಅದರಲ್ಲಿದೆ. ಎರಡನೆಯದಕ್ಕೆ ಬಂದರೆ ದನಿ ಗಿಟಾರ್ ವಾದಕ ರಾಬರ್ಟ್ ಯಂಗ್‌ನದು. ಮೂರನೆಯದನ್ನು ಡೆನಿಸ್ ಜಾನ್ಸನ್ ಎಂಬ ಗಾಯಕಿ ಎತ್ತಿಕೊಂಡು ಹೋಗುತ್ತಾಳೆ. 'ಇನ್ನರ್ ಫ್ಲೈಟ್'ನಲ್ಲಿ ಮಾತೇ ಇಲ್ಲ. ಆಲ್ಬಮ್ಮಿನ ಹತ್ತು ನಿಮಿಷದ 'ಕಮ್ ಟುಗೆದರ್'ನಲ್ಲಿ ಕೇಳುವುದು ಕಪ್ಪು ಜನರ ಹಕ್ಕಿಗಾಗಿ ದುಡಿದ ಜೆಸ್ಸಿ ಜಾಕ್ಸನ್ 1972ರ ವಾಟ್‌ಸ್ಟ್ಯಾಕ್ಸ್ ಸಂಗೀತೋತ್ಸವದಲ್ಲಿ ಆಡಿದ ಮಾತು. ಗಿಲೆಸ್ಪಿ ಹಿಂದೆ ಜೀಸಸ್ ಅಂಡ್ ಮೇರಿ ಚೈನ್ ತಂಡದಲ್ಲಿ ನಿಂತುಕೊಂಡೇ ಎರಡು ಡ್ರಮ್ ಬಡಿಯುತ್ತಿದ್ದವನು. ತನ್ನ ದನಿ ತೆಳು ಎಂಬುದು ಅವನಿಗೆ ಗೊತ್ತಿದ್ದಿರಬೇಕು. ಹಾಗಿದ್ದೂ ಇಷ್ಟು ಜಾಗ ಬಿಟ್ಟುಕೊಡುವ ರಾಕ್ ಗಾಯಕರು ಎಷ್ಟು ಮಂದಿ?

ಎಲ್ಲವೂ ಒಂದೇ ಎತ್ತರದಲ್ಲಿದೆ ಎನ್ನಲಾರೆ. 'ಐ'ಮ್ ಕಮಿನ್ ಡೌನ್'ನ ಸ್ಯಾಕ್ಸೊಫೋನ್ ನನಗೆ ಇವತ್ತಿಗೂ ಎಳೆದಾಟ. ಆದರೆ ಅದರ ಬೆನ್ನಿಗೇ, ಆಲ್ಬಮ್ಮಿನಲ್ಲಿ ಆಗಲೇ ಒಮ್ಮೆ ಬಂದುಹೋದ 'ಹೈಯರ್ ದ್ಯಾನ್ ದ ಸನ್' ಬೇಸ್, ಪ್ರತಿಧ್ವನಿಗಳೇ ಮುಂದಾಗುವ ಡಬ್ ರೂಪದಲ್ಲಿ ಮತ್ತೆ ಬರುತ್ತದೆ. ಅದರಲ್ಲಿ ವಾದಕ ಜಾ ವಾಬಲ್‌ನ ಬೇಸ್ ಗಿಟಾರು ಎದೆಗೂಡಿನಲ್ಲಿ ಕೂತು ಗುನುಗುತ್ತದೆ.

1992ರಲ್ಲಿ ಬ್ರಿಟನ್ನಿನ ವರ್ಷದ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಶುರುವಾದಾಗ ಮೊದಲ ಗೌರವ ಸಂದದ್ದು ಇದಕ್ಕೆ. ಪಾಲ್ ಕ್ಯಾನೆಲ್ ಬರೆದ ಮುಖಪುಟದ ಸೂರ್ಯ 2010ರಲ್ಲಿ ಬ್ರಿಟನ್ನಿನ ಅಂಚೆಚೀಟಿಯನ್ನೂ ಏರಿದ. ವೆದರಾಲ್, ಡೆನಿಸ್ ಜಾನ್ಸನ್ ಇಬ್ಬರೂ 2020ರಲ್ಲಿ ತೀರಿಕೊಂಡರು. ಇನ್ನೂ ಕೇಳದವರು ಶಫಲ್ ಗುಂಡಿ ಒತ್ತಬೇಡಿ. ಹನ್ನೊಂದು ಹಾಡು, ಒಂದು ಗಂಟೆಗೆ ಸ್ವಲ್ಪ ಮೇಲು. ಇದ್ದ ಕ್ರಮದಲ್ಲೇ, ಒಂದೇ ಪಟ್ಟಿಗೆ ಕೂತು ಕೇಳಿ. ಫೋನಿನ ಸ್ಪೀಕರಿನಲ್ಲಂತೂ ಬೇಡ, ಬೇಸ್ ಪೂರಾ ಸತ್ತುಹೋಗುತ್ತದೆ.