ಎಷ್ಟು ದೂರದಿಂದ ಎಸೆಯಬೇಕು?

ಬೇಸಿಗೆ ಕಾಲಿಡುವ ಹೊತ್ತಿಗೆ ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ತೆಲಸಂಗದ ಸುತ್ತಮುತ್ತ ದ್ರಾಕ್ಷಿ ಕೊಯ್ಲು. ಕೊಯ್ದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ಶೆಡ್ಡಿನೊಳಗೆ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಹಣ್ಣಿನ ಮೈಮೇಲಿನ ಮೇಣ ಬಿಟ್ಟುಕೊಟ್ಟು ನೀರು ಬೇಗ ಆರುತ್ತದೆ. ನೆರಳಲ್ಲಿ, ಗಾಳಿಗೆ, ಎರಡು ವಾರ ಕಳೆಯುವಷ್ಟರಲ್ಲಿ ಮಣೂಕ (ಒಣದ್ರಾಕ್ಷಿ) ತಯಾರು. ಸುಮಾರು 4 ಕಿಲೊ ಹಣ್ಣಿಗೆ 1 ಕಿಲೊ.

ನಿಜವಾದ ಲೆಕ್ಕ ಶುರುವಾಗುವುದು ಆಮೇಲೆ. ಈಗಲೇ ಮಾರಬೇಕೆ? ಕೋಲ್ಡ್ ಸ್ಟೋರೇಜಿಗೆ ಹಾಕಿ ದರ ಏರುವ ತನಕ ಕಾಯಬೇಕೆ? ಅರ್ಧ ಮಾರಿ ಸಾಲದ ಕಂತು ಕಟ್ಟಿ, ಉಳಿದರ್ಧ ಇಟ್ಟುಕೊಳ್ಳಬೇಕೆ?

ಇಂಥ ಮನೆಗಳಿಂದ ಕಾಲೇಜಿಗೆ ಹೋಗುವ ಮಕ್ಕಳಿಗೆ ಅಲ್ಲಿ ‘ಉದ್ಯಮಶೀಲತೆ’ ಎಂಬ ವಿಷಯವಿದೆ. ವಾಣಿಜ್ಯ ಪದವಿಯಲ್ಲಿದೆ. ಬೆಳಗಾವಿಯಲ್ಲೇ ಕೇಂದ್ರ ಕಚೇರಿಯಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪಠ್ಯದಲ್ಲೂ ಇದೆ. ಉದ್ಯಮಿಯ ಗುಣಲಕ್ಷಣಗಳು, ಯೋಜನಾ ವರದಿಯ ಭಾಗಗಳು, ಜಿಲ್ಲಾ ಕೈಗಾರಿಕಾ ಕೇಂದ್ರದ ಕಾರ್ಯಗಳು ಎಲ್ಲವೂ ಅಂಕಕ್ಕೆ ತಕ್ಕಂತೆ ಉತ್ತರ ಬರೆಯುವಂಥವು. ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ನಡೆಯುವ ‘ಮಾರೋಣೋ, ಇಡೋಣೋ’ ಎಂಬ ಚರ್ಚೆಯೂ ಅದೇ ವಿಷಯ ಎಂದು ಆ ಮಕ್ಕಳಿಗೆ ಹೇಳುವವರು ಬೇಕು.

ವ್ಯಾಪಾರ ರಕ್ತದಲ್ಲೇ ಬರಬೇಕು ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ. ಅದನ್ನು ಪರೀಕ್ಷೆಗೆ ಒಡ್ಡಿದ ಪ್ರಸಿದ್ಧ ಪ್ರಯೋಗವೊಂದು ನಡೆದದ್ದು ಭಾರತದಲ್ಲೇ. ಹಾರ್ವರ್ಡ್‌ನ ಮನೋವಿಜ್ಞಾನಿ ಡೇವಿಡ್ ಮೆಕ್‌ಲೆಲೆಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಹೈದರಾಬಾದಿನಲ್ಲಿ ತರಬೇತಿ ಕೊಡಿಸಿದರು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಹುರುಪಿನಿಂದ ವಹಿವಾಟು ಬೆಳೆಸಿದರೆಂದು ಅಧ್ಯಯನ ತೋರಿಸಿತು.

ಮೆಕ್‌ಲೆಲೆಂಡ್ ಬಳಸಿದ ಒಂದು ಆಟ ತೀರ ಸರಳ. ನೆಲದ ಮೇಲೆ ಒಂದು ಗೂಟ, ಕೈಯಲ್ಲಿ ರಿಂಗ್. ಎಷ್ಟು ದೂರ ನಿಂತು ಎಸೆಯಬೇಕೆಂಬುದು ಎಸೆಯುವವರ ಇಷ್ಟ. ಕೆಲವರು ಗೂಟದ ಬುಡದಲ್ಲೇ ನಿಲ್ಲುತ್ತಾರೆ. ರಿಂಗ್ ಬೀಳುತ್ತದೆ, ಗೆದ್ದ ಖುಷಿ ಇರುವುದಿಲ್ಲ. ಕೆಲವರು ಬಹುದೂರ ಹೋಗಿ ಅದೃಷ್ಟಕ್ಕೆ ಬಿಡುತ್ತಾರೆ. ಸಾಧಿಸುವ ಹಂಬಲವಿದ್ದವರು ನಡುವೆ ನಿಲ್ಲುತ್ತಾರೆ: ಕಷ್ಟ, ಆದರೆ ಕೈಗೆಟುಕುವ ದೂರ. ಎಸೆದು, ತಪ್ಪಿ, ಒಂದು ಹೆಜ್ಜೆ ಸರಿದು ಮತ್ತೆ ಎಸೆಯುವಾಗ ಮನುಷ್ಯ ತನ್ನನ್ನು ತಾನು ಅಳೆದುಕೊಳ್ಳುತ್ತಾನೆ. ನಮ್ಮ ದೇಶದ ಉದ್ಯಮಶೀಲತಾ ತರಬೇತಿಗಳಲ್ಲಿ ಈ ಆಟ ಇಂದಿಗೂ ಇದೆ.

ಕರ್ನಾಟಕದಲ್ಲಿ ಈ ಕಲಿಕೆಗೆ ಗಟ್ಟಿ ನೆಲೆ ಒದಗಿಸಿದ್ದು ಉಜಿರೆಯ ರುಡ್‌ಸೆಟ್ ಸಂಸ್ಥೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೈಜೋಡಿಸಿ 1982ರಲ್ಲಿ ಅದನ್ನು ಆರಂಭಿಸಿದವು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಕಸುಬಿನ ಜೊತೆಗೆ ಧೈರ್ಯ, ಲೆಕ್ಕ, ಬ್ಯಾಂಕಿನ ವ್ಯವಹಾರವನ್ನೂ ಅಲ್ಲಿ ಕಲಿಸುತ್ತಾರೆ. ಮುಖ್ಯವಾದದ್ದು ಇನ್ನೊಂದಿದೆ: ತರಬೇತಿ ಮುಗಿಸಿ ಊರಿಗೆ ಹೋದವರ ಬೆನ್ನಿಗೆ ನಿಂತು ವಿಚಾರಿಸುತ್ತಲೇ ಇರುವುದು. ಈ ಮಾದರಿಯನ್ನೇ ಕೇಂದ್ರ ಸರ್ಕಾರ ಆರ್‌ಸೆಟಿ ಹೆಸರಿನಲ್ಲಿ ದೇಶದ ಜಿಲ್ಲೆಗಳಿಗೆ ಹಬ್ಬಿಸಿತು.

ಅಥಣಿಯಲ್ಲೂ ಒಂದು ಪಾಠವಿದೆ. ಎಮ್ಮೆಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿ, ಮೊಳೆಯಿಲ್ಲದೆ ಹೊಲಿಯುವ ಕೊಲ್ಹಾಪುರಿ ಚಪ್ಪಲಿಯ ಊರು ಅದು. ಜಡೆಯಂತೆ ಹೆಣೆಯುವ ನಾಜೂಕಿನ ಕೆಲಸ ಹೆಂಗಸರದ್ದು. ಮಾರಾಟದ ಮಾತು ಗಂಡಸರದ್ದು. 1990ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ‘ಅಸೆಂಟ್’ ಸಂಸ್ಥೆಯ ಮಧುರಾ ಛತ್ರಪತಿ ಮತ್ತು ಸಂಗಡಿಗರು ಈ ಹೆಂಗಸರಿಗೆ ಉದ್ಯಮಶೀಲತೆಯ ತರಬೇತಿ ನೀಡಿದರು. ಸ್ವಸಹಾಯ ಗುಂಪುಗಳು ಕೂಡಿ ‘ಟೋಹೋಲ್ಡ್’ ಎಂಬ ಕುಶಲಕರ್ಮಿಗಳ ಒಕ್ಕೂಟ ಹುಟ್ಟಿತು. ಅದರ ಚಪ್ಪಲಿಗಳು ವಿದೇಶದ ಅಂಗಡಿಗಳನ್ನು ಮುಟ್ಟಿದವು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಸಮಕ್ಕೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರೂ ಸೇರಿತು.

ಉದ್ಯಮಶೀಲತೆ ಕಲಿತು ಬರುವಂಥದ್ದು ಎಂಬ ದಾರಿಯಲ್ಲೇ ಸಂಶೋಧನೆಯೂ ಇದೆ. ಅಮೆರಿಕದಲ್ಲಿರುವ ಭಾರತ ಮೂಲದ ವಿದ್ವಾಂಸೆ ಸರಸ್ ಸರಸ್ವತಿ, ಪಳಗಿದ 27 ಉದ್ಯಮಿಗಳು ಯೋಚಿಸುವ ಬಗೆಯನ್ನು ಅಭ್ಯಸಿಸಿ 2001ರಲ್ಲಿ ತಮ್ಮ ಸಿದ್ಧಾಂತ ಮಂಡಿಸಿದರು. ಅಂಗಡಿಗೆ ಚೀಟಿ ಬರೆದು ಸಾಮಾನು ತಂದು ಅಡುಗೆ ಮಾಡುವುದು ಒಂದು ಬಗೆ. ಡಬ್ಬಿಗಳನ್ನು ತೆರೆದು ನೋಡಿ ಇದ್ದುದರಲ್ಲೇ ಅಡುಗೆ ಮಾಡುವುದು ಇನ್ನೊಂದು. ಉದ್ಯಮಿಗಳದು ಎರಡನೆಯದು ಎನ್ನುತ್ತಾರೆ ಅವರು. ಎಷ್ಟು ಲಾಭ ಬಂದೀತು ಎಂದು ಕನಸು ಕಾಣುವ ಮುಂಚೆ, ಎಷ್ಟು ಹೋದರೆ ತಾಳಿಕೊಂಡೇನು ಎಂದು ಅಂಥವರು ಕೇಳಿಕೊಳ್ಳುತ್ತಾರೆ. ಅರ್ಧ ಮಣೂಕ ಮಾರಿ ಅರ್ಧ ಇಟ್ಟುಕೊಳ್ಳುವ ರೈತನ ಲೆಕ್ಕವೂ ಇದೇ. ನಡುವಿನ ದೂರದಿಂದ ರಿಂಗ್ ಎಸೆಯುವುದೂ ಇದೇ.

ನಮ್ಮ ಭಾಗದ ಕಾಲೇಜುಗಳಿಗೆ ಈ ಮಣೂಕದ ಶೆಡ್ಡುಗಳಿಗಿಂತ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಮುಂದಿನ ಹಂಗಾಮಿನಲ್ಲಿ ಉದ್ಯಮಶೀಲತೆಯ ಒಂದು ತರಗತಿ ತೆಲಸಂಗದ ಶೆಡ್ಡಿನಲ್ಲಿ ನಡೆಯಲಿ. ಐದು ಮನೆಗಳ ಖರ್ಚು, ಸಾಲ, ಸಿಕ್ಕ ದರ, ಕಾದ ದಿನಗಳನ್ನು ವಿದ್ಯಾರ್ಥಿಗಳು ಕೇಳಿ ಬರೆದುಕೊಳ್ಳಲಿ. ಮೂರು ವರ್ಷ ಬಿಡದೆ ಬರೆದರೆ ಅದೇ ಸಂಶೋಧನೆ. ಅದರ ಒಂದು ಪ್ರತಿ ಕಾಲೇಜಿನ ಗ್ರಂಥಾಲಯಕ್ಕೆ ಹೋಗಲಿ, ಇನ್ನೊಂದು ಲೆಕ್ಕ ಕೊಟ್ಟ ಮನೆಗೆ ಹಿಂದಿರುಗಲಿ. ಮರುವರ್ಷ ‘ಮಾರೋಣೋ, ಇಡೋಣೋ’ ಎಂಬ ಮಾತು ಬಂದಾಗ ಅಪ್ಪನ ಪಕ್ಕ ಕೂತ ಮಗಳು ಆ ಹಾಳೆ ಬಿಡಿಸಿಡಲಿ.