ಬಿಯರ್ ನೊರೆ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಮ್ಮ ಮನೆಯಲ್ಲೇ ಬಿಯರ್ ಮಾಡುತ್ತಾನೆ. ರುಚಿ ಚೆನ್ನಾಗಿದ್ದರೂ ನೊರೆ ಕ್ಷಣದಲ್ಲಿ ಇಳಿದುಹೋಗುತ್ತದಂತೆ. ಕಾರಣವೇನು?
– ಓದುಗರು, ಗುಂಡ್ಲುಪೇಟೆ

ಉತ್ತರ: ಗ್ಯಾಸ್ ಒಂದಿದ್ದರೆ ನೊರೆ ನಿಲ್ಲದು, ಸೋಡಾ ನೋಡಿ, ಬುಸ್ಸೆಂದು ಉಕ್ಕಿ ಅಲ್ಲೇ ಅಡಗುತ್ತದೆ. ಗುಳ್ಳೆ ಒಡೆಯದಿರಲು ಅದರ ಸುತ್ತ ಗಟ್ಟಿ ಪೊರೆ ಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ತರುವ ಅಂಟುವಾಳದಲ್ಲಿ ಆ ಕೆಲಸ ಸಪೋನಿನ್‌ನದು. ಬಿಯರಿನಲ್ಲಿ ಬಾರ್ಲಿಯ ಪ್ರೋಟೀನು ಮತ್ತು ಹಾಪ್ಸ್ ಹೂವಿನ ಕಹಿ ಅಂಶ ಸೇರಿ ಪೊರೆ ಕಟ್ಟುತ್ತವೆ.

ಈ ಪೊರೆಗೆ ಜಿಡ್ಡೇ ಪರಮಶತ್ರು. ಹಾಗಾಗಿ ತಮ್ಮ ಮೊದಲು ಅನುಮಾನಿಸಬೇಕಾದದ್ದು ಬಿಯರನ್ನಲ್ಲ, ಲೋಟವನ್ನು. ಎಣ್ಣೆಯ ಪಸೆ, ಸರಿಯಾಗಿ ತೊಳೆಯದೆ ಉಳಿದ ಸೋಪು, ತುಟಿಗೆ ಹಚ್ಚಿದ ಬಣ್ಣ, ಜೊತೆಗೆ ತಿನ್ನುವ ಕರಿದ ಕಡ್ಲೆಬೀಜ ಎಲ್ಲವೂ ನೊರೆ ಒಡೆಯುತ್ತವೆ. ಒದ್ದೆ ಗಾಜಿನ ಲೋಟದೊಳಗೆ ಉಪ್ಪು ಉದುರಿಸಿ ನೋಡಲಿ: ಎಲ್ಲೆಡೆ ಸಮನಾಗಿ ಅಂಟಿದರೆ ಲೋಟ ಶುದ್ಧ, ಅಲ್ಲಲ್ಲಿ ಬಿಟ್ಟುಹೋದರೆ ಜಿಡ್ಡಿದೆ.

ಲೋಟ ಶುದ್ಧವಿದ್ದರೆ ಮಾತ್ರ ತಯಾರಿಕೆಯತ್ತ ಬನ್ನಿ. ಬಾರ್ಲಿ ಕಡಿಮೆ ಮಾಡಿ ಸಕ್ಕರೆ ಹೆಚ್ಚಿಸಿದರೆ ಪ್ರೋಟೀನು ತೆಳುವಾಗುತ್ತದೆ. ಸ್ವಲ್ಪ ಗೋಧಿ ಸೇರಿಸುವುದು ಒಳ್ಳೆಯ ಉಪಾಯ. ಬಾಟಲಿಗೆ ತುಂಬಿದ ಮೇಲೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡು ವಾರ ಬಿಡದಿದ್ದರೆ ಗ್ಯಾಸೂ ಸಾಲದು.

ಗುಂಡ್ಲುಪೇಟೆಯಲ್ಲಿ ನೀವೇ ಪ್ರಯೋಗಕ್ಕೆ ಇಳಿಯಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.